ಸುಣ್ಣಕ್ಕೆ ಕಾಲಂ ಇಲ್ಲ

ದಿನಕ್ಕೆ ಎಷ್ಟು ಲೋಟ ಹಾಲು?
ಫಾರಂನ ಏಳನೆಯ ಪ್ರಶ್ನೆ.
ವಾಹಾಕಾದ ಈ ಬೆಟ್ಟದೂರಿನಲ್ಲಿ
ಮನೆ ಮನೆಗೆ ಹೋಗಿ ಕೇಳುತ್ತೇನೆ,
ಮನೆ ಮನೆಗೂ ಸೊನ್ನೆ ಬರೆಯುತ್ತೇನೆ.
ಸಂಬಳ ಅದಕ್ಕೇ.

ಆಸ್ಪತ್ರೆ ಗೋಡೆಯ ಚಿತ್ರದಲ್ಲಿ ಒಂದು ನಗುವ ಹಸು.
ಇಲ್ಲಿಯ ಇಳಿಜಾರಿನಲ್ಲಿ ಹಸು ನಿಂತರೆ ಜಾರುತ್ತದೆ,
ಆಡಿಗೆ ಮಾತ್ರ ಕಾಲು ಊರಲು ಗೊತ್ತು.
ಡಾಕ್ಟರು ಸೊನ್ನೆಗಳನ್ನು ಬೆರಳಿಟ್ಟು ಎಣಿಸಿ
ಹಾಲು ಕದ್ದ ಬೆಕ್ಕನ್ನು ನೋಡುವ ಹಾಗೆ
ನನ್ನನ್ನು ನೋಡುತ್ತಾರೆ:
"ಮೂಳೆ ಯಾವುದರಿಂದ ಆಗುತ್ತದೆ, ಅರಾಸೆಲಿ,
ಗಾಳಿಯಿಂದಲೇ?"

ಓಬ್ದುಲಿಯಾ ಅಜ್ಜಿಗೆ ಹಾಲು ಆಗಿಬರುವುದಿಲ್ಲ.
ಕುಡಿದ ಅರ್ಧ ಗಂಟೆಗೆ ಹೊಟ್ಟೆಯೊಳಗೆ ಬ್ಯಾಂಡ್ ಮೇಳ,
ಆಮೇಲೆ ಓಟ.
ಸರ್ಕಾರ ಕೊಟ್ಟ ಹಾಲಿನ ಪುಡಿಯೆಲ್ಲ ನಾಯಿಗೆ ಹೋಯಿತು.
ಈಗ ಆ ನಾಯಿಯ ಹಲ್ಲು ನೋಡಬೇಕು!

ಆ ಸಂಜೆ ಏಳನೆಯ ಪ್ರಶ್ನೆಗೆ
ಅಜ್ಜಿ ಉತ್ತರವನ್ನೇ ಕೊಡಲಿಲ್ಲ.
ಡಬ್ಬಿಯಿಂದ ಒಂದು ಹಿಡಿ ಸುಣ್ಣ ತೆಗೆದು
ನೀರಿಗೆ ಕದಡಿ, ನಾಲಗೆಯ ತುದಿಗೆ ಒಂದು ಹನಿ.
ಚುರುಗುಟ್ಟಿದರೆ ಸರಿ, ಸುಟ್ಟರೆ ಹೆಚ್ಚಾಯಿತು.
ಒಲೆಯ ಮೇಲಿನ ಮಡಕೆಗೆ ಸುರಿದಳು.

ಮಡಕೆಯಲ್ಲಿ ಮುಸುಕಿನ ಜೋಳ.
ತೆನೆಯ ಮುಸುಕನ್ನು ಹೊಲದಲ್ಲೇ ಕಿತ್ತಿದ್ದಾಯಿತು,
ಕಾಳಿನ ಮೇಲೆ ಇನ್ನೊಂದಿದೆ,
ಈರುಳ್ಳಿಯ ಪೊರೆಗಿಂತ ತೆಳು.
ಅದನ್ನು ಬಿಚ್ಚುವುದು ಸುಣ್ಣಕ್ಕೆ ಮಾತ್ರ ಗೊತ್ತು.
ರಾತ್ರಿಯೆಲ್ಲ ಕೂತು ಬಿಚ್ಚುತ್ತದೆ,
ಬಿಚ್ಚಿ ಸುಮ್ಮನೆ ಎದ್ದು ಹೋಗುವುದಿಲ್ಲ,
ಊಟಕ್ಕೆ ಕರೆದ ನೆಂಟ ಉಳಿದುಕೊಂಡ ಹಾಗೆ
ಸ್ವಲ್ಪ ಒಳಗೇ ಉಳಿಯುತ್ತದೆ.

ಬೆಟ್ಟದ ಕಲ್ಲು ಸುಟ್ಟು ಸುಣ್ಣ.
ಸುಣ್ಣ ಕುಡಿದ ಕಾಳು. ಅರೆದ ಹಿಟ್ಟು. ಕಾವಲಿ. ರೊಟ್ಟಿ.
ಅಂದರೆ ನಮ್ಮೂರಿನವರು ಬೆಟ್ಟ ತಿನ್ನುತ್ತಾರೆ,
ಹೊತ್ತಿಗೆ ನಾಲ್ಕು ರೊಟ್ಟಿಯಷ್ಟು.

ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದು ಕಣ್ಣಿಗೆ ಸುಣ್ಣ ಅನ್ನುವುದಾದರೆ
ನನ್ನ ಫಾರಂ ಪೂರ್ತಿ ಬೆಣ್ಣೆಯ ಕಡೆಯದು.
ಹಾಲಿಗೆ ಇದೆ, ಮೊಸರಿಗೆ ಇದೆ, ಚೀಸಿಗೆ ಎರಡು ಕಾಲಂ.
ಸುಣ್ಣಕ್ಕಿಲ್ಲ.
ಮುಳ್ಳಿನ ಸಮೇತ ಅಗಿಯುವ ಬೆರಳುದ್ದದ ಒಣಮೀನಿಗಿಲ್ಲ,
ಯಾರೂ ಬಿತ್ತದೆ ಬದುವಿನಲ್ಲಿ ಏಳುವ ಸೊಪ್ಪಿಗಿಲ್ಲ.
ಅಂಚಿನಲ್ಲಿ ಪೆನ್ಸಿಲಿನಿಂದ ಬರೆದೆ:
ಸುಣ್ಣ, ಒಂದು ಹಿಡಿ.
ವಾಪಸು ಬಂದಾಗ ಅದರ ಸುತ್ತ
ಕೆಂಪು ಶಾಯಿಯ ಸೊನ್ನೆ.

ಇಲ್ಲಿಗೆ ನಿಲ್ಲಿಸಿದರೆ ಅಜ್ಜಿ ಗೆದ್ದ ಹಾಗೆ.
ಆದರೆ ಜನವರಿಯಲ್ಲಿ
ಅವಳದೇ ಆಡು ಹಿಂದಿನಿಂದ ಗುದ್ದಿ
ಅಜ್ಜಿ ಬಿದ್ದಳು. ಬಲ ಮಣಿಕಟ್ಟು ಮುರಿಯಿತು.
ಡಾಕ್ಟರು ನನ್ನ ಕಡೆ ನೋಡಲಿಲ್ಲ, ಅದು ಅವರ ದೊಡ್ಡತನ.
ಪ್ಲಾಸ್ಟರ್ ಮೆತ್ತುತ್ತಾ (ಅದೂ ಕಲ್ಲು ಸುಟ್ಟ ಪುಡಿಯೇ)
"ಎಪ್ಪತ್ತೊಂಬತ್ತಕ್ಕೆ ಸೊಂಟ ಹೋಗಬೇಕಿತ್ತು,
ಕೈಗೆ ಮುಗಿಯಿತು" ಎಂದು ಗೊಣಗಿದರು.
ಹೊಗಳಿದರೋ ಏನೋ.

ಈಗ ಒಲೆಯ ಮುಂದೆ ಮೊಮ್ಮಗಳು ಮಾಗಾಲಿ,
ಪ್ಯಾಕೆಟ್ ಬ್ರೆಡ್ಡು, ಬಾಟಲಿ ಕೋಲಾ ಅಂತ ಬೆಳೆದವಳು.
ಮೊದಲ ದಿನ ಕಣ್ಣಂದಾಜಿಗೆ ಸುಣ್ಣ ಸುರಿದಳು.
ರೊಟ್ಟಿಗೆ ಅರಿಸಿನದ ಬಣ್ಣ, ಸಾಬೂನಿನ ವಾಸನೆ,
ಗಂಟಲಲ್ಲಿ ಇಳಿಯದ ಕಹಿ.
ನಾನು ಒಂದು ಚೂರು ತಿಂದು ಮೆಲ್ಲಗೆ ನಾಯಿಯ ಕಡೆ ಜಾರಿಸಿದೆ.
ಅದು ಮೂಸಿ ಎದ್ದು ಹೋಯಿತು.
ಅಜ್ಜಿ ಎಡಗೈಯಲ್ಲಿ ಮುರಿದು ಮುರಿದು
ಇಡೀ ರೊಟ್ಟಿ ತಿಂದಳು.
"ಇಷ್ಟರಲ್ಲಿ ಹಿಂದಿನ ಗೋಡೆಗೆ ಬಳಿಯಬಹುದಿತ್ತು" ಎಂದಳು.
"ನಾಳೆ ನನ್ನನ್ನು ಕೇಳಬೇಡ, ನಾಲಗೆಯನ್ನು ಕೇಳು."

ಮರುದಿನ ಸಂಜೆ ಫಾರಂ ತೆರೆದು ಕೂತೆ.
ಏಳನೆಯ ಪ್ರಶ್ನೆ.
ಮಾಗಾಲಿ ಕಣ್ಣು ಮುಚ್ಚಿ, ನಾಲಗೆ ಚಾಚಿ,
ಬೆರಳ ತುದಿಯ ಬಿಳಿ ಹನಿಯನ್ನು
ಹತ್ತಿರ, ಇನ್ನೂ ಹತ್ತಿರ ತರುತ್ತಿದ್ದಾಳೆ.
ಅಜ್ಜಿ ಉಸಿರು ಹಿಡಿದಿದ್ದಾಳೆ.
ನಾನು ಪೆನ್ಸಿಲ್ ಎತ್ತಿಕೊಂಡೇ ಇದ್ದೇನೆ.