ಐದು ಬೆರಳು ದಪ್ಪ

ಒಬ್ಬರ ಹೆಜ್ಜೆಯ ಮೇಲೆ ಇನ್ನೊಬ್ಬರು ಹೆಜ್ಜೆ ಇಡಬಾರದು,
ಮೊದಲ ಮಂಜುಗಡ್ಡೆಗೆ ಇರುವುದು ಅದೊಂದೇ ಶಾಸ್ತ್ರ.
ಅಣ್ಣ ಮುಂದೆ, ಕಬ್ಬಿಣದ ಹಾರೆ ಕುಟ್ಟುತ್ತ.
ನಾನು ಹತ್ತು ಮಾರು ಹಿಂದೆ, ಎರೆಮೀನಿನ ಬಕೆಟ್ ಹಿಡಿದು.
ನಡುವೆ ಹಳದಿ ಹಗ್ಗ, ಅವನ ಸೊಂಟದಿಂದ ನನ್ನ ಸೊಂಟಕ್ಕೆ.
ಆಗಸ್ಟಿನಿಂದ ನಾವು ಮಾತು ಬಿಟ್ಟಿದ್ದೆವು.

ಡಿಸೆಂಬರಿನ ಮೊದಲ ಭಾನುವಾರ, ಮಿನೆಸೋಟಾದ ಉತ್ತರದಂಚು,
ಹೆಲ್ವಿಗ್ ಕೆರೆ. ಹಿಮ ಬಿದ್ದಿರಲಿಲ್ಲ.
ಗಡ್ಡೆಗೆ ಇನ್ನೂ ತನ್ನದೆನ್ನುವ ಬಣ್ಣ ಬಂದಿರಲಿಲ್ಲ,
ಕೆಳಗಿನ ಕತ್ತಲೆಯನ್ನೇ ತೊಟ್ಟುಕೊಂಡಿತ್ತು.
ಬೇಸಗೆಯಲ್ಲಿ ದೋಣಿಯ ಹುಟ್ಟಿಗೆ ತೊಡರುವ ನೀರುಗಿಡ
ಬೂಟಿನಡಿ ನಿಂತಿತ್ತು, ಹಸಿರು ಹಸಿರಾಗಿ,
ಈಗಷ್ಟೇ ತಲೆ ಬಾಚಿಕೊಂಡ ಹಾಗೆ.
ಒಂದು ಗುಳ್ಳೆ. ಒಂದು ಮೇಪಲ್ ಎಲೆ. ಯಾರದೋ ಬಿಯರ್ ಡಬ್ಬಿ.
ನೋಡುತ್ತ ನಡೆದರೆ ತಲೆ ಸುತ್ತುತ್ತದೆ.

ಹಾರೆ ಒಂದೇಟಿಗೆ ತೂರಿಹೋದರೆ ಹಿಂದಿರುಗು,
ಎರಡೇಟಿಗೆ ಹೋದರೆ ದೇವರನ್ನು ಕೇಳು,
ಮೂರಕ್ಕೂ ಬಗ್ಗದಿದ್ದರೆ ಬೈರಿಗೆ ತೆಗೆ,
ಅಪ್ಪ ಹೇಳುತ್ತಿದ್ದದ್ದು.
ಇಷ್ಟೆಲ್ಲ ಎಚ್ಚರದ ಮನುಷ್ಯ
ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ
ಬಾಯಿ ತೆರೆದುಕೊಂಡೇ ಹೋದ.

ಜಗಳ ಎಂಥದ್ದೆಂದರೆ ನೀವು ನಗುತ್ತೀರಿ:
ಅಪ್ಪನ ಹಳೇ ದೋಣಿ ಮೋಟಾರನ್ನು
ಓರ್ಲಿನ್ ನನ್ನನ್ನು ಕೇಳದೆ ಮಾರಿದ.
ನಾನು ಅವನ ಹೆಂಡತಿಯ ಎದುರು ಒಂದು ಮಾತಂದೆ.
ಆ ಮಾತನ್ನು ಇಲ್ಲಿ ಬರೆಯುವುದಿಲ್ಲ.

ಆದರೆ ಮೊದಲ ಗಡ್ಡೆಗೆ ಒಬ್ಬರೇ ಹೋಗುವಂತಿಲ್ಲ.
ಶನಿವಾರ ರಾತ್ರಿ ನನ್ನ ಅಂಗಳದಲ್ಲಿ
ಅವನ ಟ್ರಕ್ಕಿನ ದೀಪ ಎರಡು ಸಲ ಮಿನುಗಿ ಹೋಯಿತು.
ಬೆಳಗಿನ ಐದಕ್ಕೆ ಬಾಗಿಲಲ್ಲಿ ನಿಂತಿದ್ದೆ.

ಕೆರೆಯ ಕೊರಳಲ್ಲಿ ಅವನು ನಿಂತ, ತೂತಿಗೆ ಕೈ ಇಳಿಸಿದ,
ಅಂಗೈ ಅಗಲಿಸಿ ನನ್ನ ಕಡೆ ಎತ್ತಿದ: ಐದು ಬೆರಳು ದಪ್ಪ.
ನಿಲ್ಲು ಎಂದೂ ಆಗಬಹುದಿತ್ತು.

ಅವನಿಗೆ ಎರಡು ತೂತು, ನನಗೆ ಎರಡು.
ಎರೆ ಪೋಣಿಸಿ, ಬಾವುಟ ಮಣಿಸಿ, ಕಾದೆವು.
ಚಳಿಗೆ ದೊಡ್ಡಬಾಯಿ ಬಾಸ್ ಸೋಮಾರಿ.
ಬೇಸಗೆಯಲ್ಲಿ ಕಪ್ಪೆಯ ಮೇಲೆ ಕದ ಬಡಿದಂತೆ ಎರಗುವಂಥದು
ಈಗ ಗಿಡದ ಬುಡದಲ್ಲಿ ಎರೆಯನ್ನೇ ನೋಡುತ್ತ ಕೂರುತ್ತದೆ,
ಸಾಲ ಕೇಳಲು ಬಂದವರನ್ನು ಬ್ಯಾಂಕಿನವನು ನೋಡಿದ ಹಾಗೆ.

ಒಂಬತ್ತಕ್ಕೆ ಬಿಸಿಲೇರಿತು.
ಆ ದಡದಿಂದ ಈ ದಡಕ್ಕೆ ಕೆರೆ ಒಮ್ಮೆ ಕೂಗಿತು,
ಬಹಳ ಉದ್ದದ ತಂತಿಯೊಂದನ್ನು ಯಾರೋ ಮೀಟಿ ಬಿಟ್ಟ ಹಾಗೆ.
ಇಬ್ಬರೂ ಅಲುಗಲಿಲ್ಲ.
ಹಗ್ಗ ಮಾತ್ರ ಬಿಗಿಯಾಯಿತು,
ಎಳೆದದ್ದು ಯಾರೋ ಗೊತ್ತಿಲ್ಲ.

ಬಾವುಟ ಎದ್ದಿತು. ಕಿತ್ತಳೆ. ನನ್ನದು.
ಓಡಬೇಡ ಎನ್ನಲು ಓರ್ಲಿನ್ ಬಾಯಿ ತೆರೆದ, ಮುಚ್ಚಿದ.
ಮಂಡಿಯೂರಿದೆ, ಕೈಗವಸು ಹಲ್ಲಿನಿಂದ ಎಳೆದು ಬಿಸಾಕಿದೆ.
ದಾರದ ಆ ತುದಿಯಲ್ಲಿ ಅವಸರವಿಲ್ಲದ ಭಾರ,
ಬಾವಿಯಿಂದ ತುಂಬಿದ ಬಕೆಟ್ ಸೇದಿದ ಹಾಗೆ.

ಮೀನಿಗಿಂತ ಮುಂಚೆ ಬಾಯಿ ಬಂತು.
ತೂತಿನಷ್ಟೇ ಅಗಲ, ಒಳಗೆಲ್ಲ ಬಿಳುಪು,
ಸಾಮಾನು ಸಾಗಿಸಿದ ಕೋಣೆಯ ಹಾಗೆ.
ನನ್ನ ಮುಷ್ಟಿ ಹಿಡಿಯುತ್ತಿತ್ತು.
ಅಷ್ಟು ದೊಡ್ಡ ಬಾಯಿ, ಒಂದು ಸದ್ದೂ ಇಲ್ಲ.

‘ಎಷ್ಟಿದೆ?’
ನಾಲ್ಕು ತಿಂಗಳಲ್ಲಿ ಮೊದಲ ಮಾತು
ಹಬೆಯಾಗಿ ಅವನ ಮುಂದೆಯೇ ನಿಂತಿತು.
‘ಬಾಯಿ ಮಾತ್ರ ದೊಡ್ಡದು’ ಅಂದೆ.
ಅವನು ಹಾರೆಯ ತುದಿ ನೋಡಿದ. ಬಹಳ ಹೊತ್ತು ನೋಡಿದ.
‘ನಮ್ಮ ಮನೆಯದೇ ಇರಬೇಕು, ಆರ್ಲಿಸ್.’

ಗಾಳ ಬಿಡಿಸಿ ನೀರಿಗೆ ಇಳಿಸಿದೆ.
ಸ್ವಲ್ಪ ಹೊತ್ತು ನನ್ನ ಕೈಯಲ್ಲೇ ಇತ್ತು, ಕಿವಿರು ಆಡಿಸುತ್ತ,
ಆಮೇಲೆ ಗಾಜಿನಡಿ, ಹಗ್ಗದ ಗೆರೆ ಹಿಡಿದು,
ಅವನ ಕಡೆಗೇ ಹೋಯಿತು.
ಅವನು ಬಗ್ಗಿ ನೋಡಿದ. ‘ಬಂತು’ ಅಂದ.

ಮೋಟಾರಿನ ಸುದ್ದಿ ಯಾರೂ ಎತ್ತಲಿಲ್ಲ.
ತೂತಿನ ಮೇಲೆ ಆಗಲೇ ಕೆನೆ ಕಟ್ಟುತ್ತಿತ್ತು.
ಜಾಲರಿ ಸೌಟಿನಿಂದ ತೆಗೆದೆ.
ಮತ್ತೆ ಕಟ್ಟಿತು.
ಮತ್ತೆ ತೆಗೆದೆ.