ಬಣ್ಣಗಳ ಸರದಿ

ಮೊದಲು ಬಿಳಿ. ಆಮೇಲೆ ಹಾಲುಬೂದಿ, ಬೂದಿ,
ಜೇನುಗಂದು, ಕಂದು. ಕಪ್ಪು ಕಟ್ಟಕಡೆಗೆ.
ನಮ್ಮ ಗಿರಣಿಯಲ್ಲಿ ಇದೊಂದೇ ಶಾಸನ,
ಅಪ್ಪ ಎಂಡೆಲ್ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಬರೆದದ್ದು,
ಮಳೆಗೆ ಅಳಿಸಿದಾಗಲೆಲ್ಲ ನಾನು ತಿದ್ದಿದ್ದು.

ಬಾಚುಯಂತ್ರದ ಹಲ್ಲಿಗೆ ಮರೆವಿಲ್ಲ.
ಒಂದು ಕಪ್ಪು ತುಪ್ಪಟ ನುಂಗಿತೆಂದರೆ
ಮೂರು ದಿನ ಬಿಳಿಯ ಹಂಜಿಯಲ್ಲೂ
ಒಂದೊಂದೇ ಕರಿಗೂದಲು ಉಗುಳುತ್ತದೆ,
ಊಟದ ನಡುವೆ ಹಳೇ ಜಗಳ ತೆಗೆಯುವ ನೆಂಟನ ಹಾಗೆ.

ಹಾಗಾಗಿ ನಮ್ಮ ವರ್ಷಕ್ಕೊಂದು ಇಳಿಜಾರು.
ಮೇ, ಜೂನು, ರಾತ್ರಿ ಬಂದೂ ಬಾರದ ದಿನಗಳಲ್ಲಿ ಬಿಳಿ:
ಬಾಲ್ಟಿಕ್ ಕಡಲಿನ ಈ ದ್ವೀಪದ ಮೂಲೆಮೂಲೆಯಿಂದ
ಟ್ರ್ಯಾಕ್ಟರಿನಲ್ಲಿ, ಕಾರಿನ ಹಿಂಸೀಟಿನಲ್ಲಿ, ಆಲೂಗಡ್ಡೆ ಚೀಲಗಳಲ್ಲಿ
ತುಪ್ಪಟ ಬರುತ್ತದೆ, ಜುನಿಪರ್ ಮುಳ್ಳು, ಹಿಕ್ಕೆ,
ಒಮ್ಮೆ ಯಾರದೋ ಕನ್ನಡಕದ ಒಂದು ಕಡ್ಡಿ ಸಮೇತ.
ತೂಗುತ್ತೇನೆ, ಚೀಟಿ ಕಟ್ಟುತ್ತೇನೆ.
ಎಲ್ಲರದೂ ಒಂದೇ ಮಾತು: "ನನ್ನ ಕುರಿಯದೇ ನನಗೆ ಬರಬೇಕು, ಮೈರಿಟ್,
ಬೇರೆಯವರದ್ದು ಬೆರೆಸಬೇಡ."
ಬೆರೆಸುವುದಿಲ್ಲ ಎನ್ನುತ್ತೇನೆ. ಕಿಲೋಗೆ ಇಷ್ಟು ಎನ್ನುತ್ತೇನೆ.
ಉಣ್ಣೆ ಕತ್ತರಿಸುವ ಕೂಲಿಗಿಂತ ಉಣ್ಣೆಯೇ ಅಗ್ಗವಾದ ಕಾಲದಲ್ಲಿ
ಅವರು ಚೌಕಾಸಿ ಮಾಡುವುದೂ ನ್ಯಾಯ, ನಾನು ಒಪ್ಪದಿರುವುದೂ.

ನೂಲುವ ಯಂತ್ರ ಪೋಲೆಂಡಿನಿಂದ ಹಡಗಿನಲ್ಲಿ ಬಂದದ್ದು.
ಸರ್ಕಾರ ಗಿರಣಿ ಕಿತ್ತುಕೊಂಡಾಗ ಇದೂ ಸರ್ಕಾರದ್ದಾಯಿತು,
ತನ್ನದಾಗಿದ್ದುದರ ಮುಂದೆ ಅಜ್ಜ ಕೂಲಿಗೆ ನಿಂತ.
ಸರ್ಕಾರವೇ ಹೋಗಿ ಗಿರಣಿ ವಾಪಸ್ಸು ಬಂದಾಗ
ಕಾಗದದಲ್ಲಿ ಬರೆದಿದ್ದರು: "ಹಳೆ ಕಬ್ಬಿಣ, ಒಂದು."
ಆ ಒಂದು
ನೂರಿಪ್ಪತ್ತು ಕದಿರು ಹೊತ್ತು, ಎಳೆ ಎಳೆಯುತ್ತ
ಹಳಿಯ ಮೇಲೆ ನಾಲ್ಕು ಹೆಜ್ಜೆ ಹೊರಗೆ ಬರುತ್ತದೆ,
ನಿಂತು ಹುರಿ ಹಾಕುತ್ತದೆ, ಸುತ್ತಿಕೊಳ್ಳುತ್ತ ಮರಳುತ್ತದೆ.
ಕಡಿದದ್ದನ್ನು ಕೂಡಿಸಲು ಅದರ ಜೊತೆ ನಾವೂ ಹಿಂದೆ, ಮುಂದೆ.
ಅಪ್ಪ ಒಮ್ಮೆ ಲೆಕ್ಕ ಹಾಕಿದ್ದ: ಈ ನಾಲ್ಕು ಹೆಜ್ಜೆಯಲ್ಲೇ
ಭೂಮಿಗೆ ಒಂದು ಸುತ್ತು ಮುಗಿಸಿ, ಎರಡನೆಯದರಲ್ಲಿ
ಎಲ್ಲೋ ಸಮುದ್ರದ ನಡುವೆ ಇದ್ದಾನಂತೆ.

ಡಿಸೆಂಬರಿನಲ್ಲಿ ಕಪ್ಪು. ಮಧ್ಯಾಹ್ನ ಮೂರೂವರೆಗೆ ಹೊರಗೂ ಕಪ್ಪು.
ಕರೆಂಟಿನ ಬಿಲ್ಲು ನೆನೆದು ಎರಡೇ ದೀಪ.
ಕಡಿದ ಎಳೆ ಕಣ್ಣಿಗೆ ಬೀಳುವುದಿಲ್ಲ,
ಬೆರಳಿಗೆ ತಿಳಿಯುತ್ತದೆ: ಇರಬೇಕಾದಲ್ಲಿ ಇಲ್ಲದ ಬಿಗಿ.
ಒಂದೇ ಒಂದು ಕರಿಕುರಿ ಸಾಕಿದ ಹೆಲ್ಯು
ಆರು ತಿಂಗಳಿಂದ ಪ್ರತಿ ವಾರ ಫೋನು ಮಾಡಿದ್ದಾಳೆ:
"ನನ್ನದು ಬರೀ ಒಂದೂವರೆ ಕಿಲೋ, ನಡುವೆ ತೂರಿಸಬಾರದೇ?"
ಬಾರದು, ಹೆಲ್ಯು.

ಕಡೆಯ ಲಡಿ ಕಟ್ಟಿದ ಮರುದಿನ ಪಟ್ಟಿ ಬಿಚ್ಚಿ
ಉರುಳೆ ಉರುಳೆಯ ಹಲ್ಲುಸಂದಿ ಕೆದಕುತ್ತೇವೆ,
ಅಪ್ಪ, ನಾನು, ಶಾಲೆಗೆ ರಜೆಯೆಂದು ಸಿಕ್ಕಿಬಿದ್ದ ಟಾವಿ.
ಹೊರಬರುವುದು ಒಂದು ಹಾಸಿಗೆಯಷ್ಟು ಜೂಲು:
ಕಲ್ಯೋನ ಬಿಳಿ, ಬೇಲಿಯ ವಿಷಯಕ್ಕೆ ಅವನೊಂದಿಗೆ
ಮಾತು ಬಿಟ್ಟ ಅಣ್ಣನ ಬಿಳಿ, ಪಾದ್ರಿಯ ಬೂದಿ,
ಹೆಲ್ಯುಳ ಒಂದೂವರೆ ಕಿಲೋದಲ್ಲಿ ಒಂದು ಚಿಟಿಕೆ,
ಎಲ್ಲ ಒಂದೇ ಸಿಕ್ಕು, ಮೋಡ ಮುಚ್ಚಿದ ಕಡಲಿನ ಬಣ್ಣ.

ಬೆರೆಸುವುದಿಲ್ಲ ಎಂದಿದ್ದೆ.

ಅದನ್ನೂ ನೂಲುತ್ತೇವೆ. ಚೀಟಿಯಿಲ್ಲ, ರಸೀದಿಯಿಲ್ಲ.
ಅಮ್ಮ ಕಾಲುಚೀಲ ಹೆಣೆಯುತ್ತಾಳೆ, ಮೂರು ಜೊತೆ,
ಒರಟು, ತುರಿಕೆ, ಎಲ್ಲೋ ಒಂದು ಕಡೆ ಚುಚ್ಚುವ ಜುನಿಪರ್.
ಬೂದಿಯ ಸರದಿ ಬರುವಷ್ಟರಲ್ಲಿ ಹಿಮ್ಮಡಿ ತೂತು,
ಆ ನಾಲ್ಕು ಹೆಜ್ಜೆಗೆ.

ಹೊರಗೆ ಟ್ರ್ಯಾಕ್ಟರಿನ ಸದ್ದು, ಮೊದಲ ಚೀಲ ಇಳಿಯುತ್ತಿದೆ.
ಬಾಗಿಲು ಖಾಲಿ.
ಸೀಮೆಸುಣ್ಣ ಎಲ್ಲಿಟ್ಟೆ, ಅಪ್ಪಾ?