ಹನ್ನೊಂದನೆಯ ಕಾಲುವೆ

ತಾರ್ತುವಿನ ಪ್ರಯೋಗಾಲಯದಲ್ಲಿ ಮೊದಲ ಚಳಿಗಾಲವೆಲ್ಲ
ನಾನು ಎಣಿಸಿದ್ದು ಧೂಳನ್ನು.
ಧೂಳಲ್ಲ, ಪರಾಗ, ಎಂದು ತಿದ್ದುತ್ತಿದ್ದರು ವೈಕೆ ಮೇಡಂ
ಕನ್ನಡಕ ಹಣೆಗೇರಿಸಿ.
ಇದು ಬರ್ಚ್, ಇದು ಪೈನ್, ಇದೋ ಇಲ್ಲಿ ರೈ.
ರೈ ಕಂಡಿತೆಂದರೆ ಅಲ್ಲಿಗೊಬ್ಬ ಮನುಷ್ಯ ಬಂದನೆಂದು ಅರ್ಥ,
ಅವನ ಬೆನ್ನಿಗೇ ಕಳೆ, ಕಳೆಯ ಬೆನ್ನಿಗೆ ಬೂದಿ.

ಜೌಗಿನ ಒಡಲು ಕೊರೆದು ತಂದ ಕಪ್ಪು ಕಂಬ
ತುಂಡು ತುಂಡಾಗಿ ಮೇಜಿನ ಮೇಲೆ ಮಲಗಿತ್ತು.
ಜೋಡಿಸಿದರೆ ನನಗಿಂತ ಎರಡು ಪಟ್ಟು ಉದ್ದ.
ವರ್ಷಕ್ಕೆ ಒಂದು ಮಿಲಿಮೀಟರು ಬೆಳೆದದ್ದು,
ಅದೂ ಮಳೆ ಮನಸ್ಸು ಮಾಡಿದರೆ.
ಹೆಬ್ಬೆರಳು ಅಡ್ಡ ಇಟ್ಟು ನೋಡಿದೆ:
ನನ್ನ ಅಷ್ಟೂ ವಯಸ್ಸು ಅದರಡಿ ಮುಚ್ಚಿಹೋಯಿತು.

ಇದನ್ನೋದಿ ಏನಾಗ್ತೀಯ?
ಕೇಳದವರೇ ಇಲ್ಲ. ಬಸ್ಸಿನ ಡ್ರೈವರು ಕೇಳಿದ,
ಹಲ್ಲಿನ ಡಾಕ್ಟರು ಕೇಳಿದ, ನನ್ನ ಬಾಯಿ ತೆರೆದಿಟ್ಟುಕೊಂಡೇ.
ಅಮ್ಮ ಕೇಳಲಿಲ್ಲ. ಆಲೂಗಡ್ಡೆ ಸುಲಿಯುತ್ತಾ
ಸಿಪ್ಪೆಯನ್ನು ಮಾತ್ರ ತುಸು ದಪ್ಪಗೆ ತೆಗೆದಳು.

ಏನೇನೋ ಆದೆವು.
ರೈಡೊ ಹೆದ್ದಾರಿಯಲ್ಲಿ ಸತ್ತ ಕಪ್ಪೆಗಳ ಲೆಕ್ಕ ಬರೆಯುತ್ತಾನೆ,
ಏಪ್ರಿಲ್ ರಾತ್ರಿಗಳಲ್ಲಿ ಬಕೆಟ್ಟು ಹಿಡಿದು
ಬದುಕಿದವನ್ನು ರಸ್ತೆ ದಾಟಿಸುತ್ತಾನೆ.
ಕರ್ತ್ರಿ ಸಚಿವಾಲಯ ಸೇರಿ, ಒಂದು ಕಾನೂನಿನೊಳಗಿಂದ
"ಇತ್ಯಾದಿ" ಎಂಬ ಪದವನ್ನು ಕಿತ್ತುಹಾಕಲು
ಮೂರು ವರ್ಷ ಕಾದಾಡಿ ಗೆದ್ದಳು.
ಒಬ್ಬ ಬ್ಯಾಂಕಿಗೆ ಹೋದ. ಅವನನ್ನು ನಾವು ಬೈಯುವುದಿಲ್ಲ,
ಶರತ್ಕಾಲ ಬಂತೆಂದರೆ ಅಣಬೆಯ ಫೋಟೋ ಕಳಿಸುತ್ತಾನೆ,
ತಿನ್ನಬಹುದಾ ಎಂದು.

ನನಗೆ ಸಿಕ್ಕಿದ್ದು ತೊಡೆಯವರೆಗಿನ ಬೂಟು, ಒಂದು ನಕ್ಷೆ,
ಮುಚ್ಚಬೇಕಾದ ಇಪ್ಪತ್ತಮೂರು ಕಾಲುವೆ.
ನೀರು ಬಸಿದು ನಮ್ಮೂರ ಜೌಗು ಒಣಗುತ್ತಿದೆ,
ಒಣಗಿದ್ದು ಹೊಗೆಯಿಲ್ಲದೆ ಉರಿಯುತ್ತಿದೆ,
ಸಾವಿರಾರು ವರ್ಷ ಬಿಗಿಹಿಡಿದ ಉಸಿರನ್ನು ಈಗ ಬಿಡುತ್ತಿದೆ.

ಹನ್ನೊಂದನೆಯದು ಎಲ್ಲಕ್ಕಿಂತ ನೇರ,
ನೂಲು ಹಿಡಿದು ಎಳೆದ ಗೆರೆ.
ಅಗೆದವನ ಹೆಸರು ನಕ್ಷೆಯಲ್ಲಿರಲಿಲ್ಲ, ಬೇಕಿರಲೂ ಇಲ್ಲ,
ನಮ್ಮ ಅಂಗಳದ ಸೌದೆ ಒಟ್ಟಿಲು ನೋಡಿದವರು ಯಾರೂ ಹೇಳಿಯಾರು.
ಎಂಡೆಲ್, ನನ್ನ ಅಮ್ಮನ ಅಪ್ಪ,
ಸಾಮೂಹಿಕ ಬೇಸಾಯದ ದಿನಗಳಲ್ಲಿ ಯಂತ್ರದ ಮೇಲೆ ಕೂತು
ಈ ನೆಲವನ್ನು ಉಪಯೋಗಕ್ಕೆ ತಂದವನು.
ಅದಕ್ಕೊಂದು ಪದಕವೂ ಉಂಟು,
ಅಜ್ಜಿಯ ಗುಂಡಿಗಳ ಡಬ್ಬಿಯೊಳಗೆ.

ಭಾನುವಾರ, ಸೂಪು ಆರುವ ತನಕ ಸುಮ್ಮನಿದ್ದು, ಹೇಳಿದೆ.
ಚಮಚ ಕೆಳಗಿಟ್ಟ.
ಹನ್ನೊಂದಾ? ಎಂದ.
ಅಲ್ಲಿ ನಡುವಿಗೆ ಹೂತುಹೋದ ಪೈನ್ ಬುಡ ಒಂದಿದೆ,
ಯಂತ್ರದ ಹಲ್ಲು ಮುರಿದಿತ್ತು.
ಒಡ್ಡು ಅದಕ್ಕೆ ಆನಿಸಿ ಕಟ್ಟು, ಬೇರೆಲ್ಲಿ ಕಟ್ಟಿದರೂ ನಿಲ್ಲೋದಿಲ್ಲ.

ನನ್ನ ಯಾವ ಪಠ್ಯದಲ್ಲೂ ಆ ಬುಡ ಇರಲಿಲ್ಲ.

ಮರುದಿನ ಅವನೇ ಬಂದ.
ಅವನ ಬೂಟು ನನ್ನದಕ್ಕಿಂತ ಹಳತು, ಆದರೂ ಸೋರದು.
ಹಲಗೆ ಬಡಿದೆವು, ಕಪ್ಪು ಮಣ್ಣು ತುಂಬಿದೆವು,
ದ್ರಾಕ್ಷಿ ತುಳಿಯುವವರ ಹಾಗೆ ಕೈ ಕೈ ಹಿಡಿದು ತುಳಿದೆವು.
ಅವನು ಕ್ಷಮೆ ಕೇಳಲಿಲ್ಲ.
ನಾನು ಇಂಗಾಲದ ಪಾಠ ಹೇಳಲಿಲ್ಲ.
ನೀರು ಒಮ್ಮೆ ತಡವರಿಸಿ, ಬಂದ ದಾರಿಯತ್ತ ತಿರುಗಿದಾಗ ಮಾತ್ರ,
ಆಗ ನನಗೆ ಇಪ್ಪತ್ತೆರಡು, ಎಂದ,
ಸಂಜೆ ಕ್ರೌಂಚಗಳು ಕೂಗುತ್ತಿದ್ದವು,
ಯಂತ್ರ ನಿಲ್ಲಿಸಿ ಕೇಳ್ತಿದ್ದೆ.
ಕೇಳಿ, ಮತ್ತೆ ಶುರು ಮಾಡ್ತಿದ್ದೆ.

ಈಗ ಶುಕ್ರವಾರಕ್ಕೊಂದು ಫೋನು.
ಹೇಗಿದ್ದೀ ಇಲ್ಲ, ಊಟವಾಯಿತೇ ಇಲ್ಲ.
ಜ್ವರದ ಮಗುವಿನ ಮೈ ಬಿಸಿ ಕೇಳುವ ಹಾಗೆ,
ಎಷ್ಟು? ಎನ್ನುತ್ತಾನೆ.
ಮೂರೂವರೆ ಸೆಂಟಿಮೀಟರು ಏರಿದೆ, ಎನ್ನುತ್ತೇನೆ.
ಹ್ಞೂಂ.
ಸ್ವಲ್ಪ ಹೊತ್ತು ಆ ಕಡೆ ಗಡಿಯಾರ ಮಾತ್ರ.
ಆಮೇಲೆ, ಹನ್ನೆರಡನೆಯದು ನಾನು ಅಗೆದದ್ದಲ್ಲ,
ಬಹಳ ಸೊಟ್ಟ, ಹುಷಾರು,
ಎಂದು ಇಟ್ಟುಬಿಡುತ್ತಾನೆ.